ಕಿಟಕಿ ಸೀಟಿನ ಗದ್ಯ

ಕೊಂಕಣ ರೈಲಿನಲ್ಲಿ ಗುಂಪು ಕಟ್ಟಿಕೊಂಡು ಹೋಗಿಬಂದವರು ಬರೆಯುವ ಪ್ರವಾಸ ಬರಹಗಳಲ್ಲಿ ಕಡಲು ಎಲ್ಲೆಲ್ಲೂ ಇರುತ್ತದೆ. ಕಾರವಾರ ದಾಟಿದೊಡನೆ ಬಲಗಡೆ ಕಡಲು, ಅಂಕೋಲೆಗೆ ಬಂದರೆ ಕಡಲು, ಅಲ್ಲಿಂದ ಭಟ್ಕಳದ ತನಕ ಅಲೆಗಳು ರೈಲಿನ ಜತೆಜತೆಗೇ ಓಡಿಬರುತ್ತವೆ. ಆ ರೈಲಿನಲ್ಲಿ ನಿಜವಾಗಿ ಕೂತು ನೋಡಿದವರಿಗೆ ಗೊತ್ತಿರುವುದು ಬೇರೆ. ಉತ್ತರ ಕನ್ನಡದ ಉದ್ದಕ್ಕೂ ರೈಲಿನಿಂದ ಕಡಲು ಕಾಣುವುದು ಬಲು ಕಡಿಮೆ ಹೊತ್ತು. ಹೆಚ್ಚು ಹೊತ್ತು ಕಾಣುವುದು ಕಡಿದ ಕೆಮ್ಮಣ್ಣಿನ ಗುಡ್ಡ, ಸುರಂಗದ ಕತ್ತಲು, ತೆಂಗಿನ ತೋಟದ ಬೇಲಿ, ಮನೆಗಳ ಹಿತ್ತಿಲು, ಮತ್ತೆ ಮತ್ತೆ ಎದುರಾಗುವ ಹೊಳೆಗಳು. ಇಲ್ಲದ ಕಡಲನ್ನು ಬರೆದು, ಕಣ್ಣೆದುರಿಗಿರುವ ಹಿತ್ತಿಲನ್ನು ಬಿಟ್ಟುಬಿಡುವ ಈ ಗದ್ಯ ಎಲ್ಲಿಂದ ಬಂತು ಎನ್ನುವುದು ನನ್ನ ಪ್ರಶ್ನೆ.

ಮೊದಲು ಹಳಿಯ ಮಾತು. ಕೊಂಕಣ ರೈಲ್ವೆ ನಿಗಮ ಹುಟ್ಟಿದ್ದು 1990ರಲ್ಲಿ. ಮಹಾರಾಷ್ಟ್ರದ ರೋಹಾದಿಂದ ಮಂಗಳೂರಿನ ಹತ್ತಿರದ ತೋಕೂರಿನವರೆಗೆ ಸುಮಾರು 740 ಕಿಲೋಮೀಟರ್ ಹಳಿ ಪೂರ್ತಿಯಾಗಿ ತೆರೆದುಕೊಂಡದ್ದು 1998ರಲ್ಲಿ. ತೊಂಬತ್ತಕ್ಕೂ ಹೆಚ್ಚು ಸುರಂಗ, ಸಣ್ಣವು ದೊಡ್ಡವು ಸೇರಿ ಎರಡು ಸಾವಿರದ ಹತ್ತಿರ ಸೇತುವೆ. ಈ ಲೆಕ್ಕವೇ ಅರ್ಧ ಕತೆ ಹೇಳುತ್ತದೆ. ರೈಲಿಗೆ ಬೇಕಾದದ್ದು ಕಡಲಿನ ನೋಟವಲ್ಲ, ಏರಿಳಿತ ಕಡಿಮೆ ಇರುವ ನೇರ ದಾರಿ. ಹಾಗಾಗಿ ಅದು ಕಡಲಿಗೂ ಘಟ್ಟಕ್ಕೂ ನಡುವಿನ ಕಿರಿದಾದ ನೆಲದಲ್ಲಿ, ಅಡ್ಡ ಬಂದ ಗುಡ್ಡವನ್ನು ಕೊರೆದು, ಅಡ್ಡ ಬಂದ ನೀರಿನ ಮೇಲೆ ಹಾದುಹೋಗಿದೆ. ಉತ್ತರ ಕನ್ನಡದಲ್ಲಿ ಆ ನೀರಿಗೆ ನಾಲ್ಕು ದೊಡ್ಡ ಹೆಸರು: ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ. ಹೊನ್ನಾವರದ ಬಳಿ ಶರಾವತಿಯ ಮೇಲಿನ ಸೇತುವೆ ಎರಡು ಕಿಲೋಮೀಟರಿಗೂ ಉದ್ದ, ಇಡೀ ಹಳಿಯಲ್ಲೇ ಅದು ದೊಡ್ಡದು. ಅಂದರೆ ಇದು ಕಡಲ ತೀರದ ರೈಲು ಅನ್ನುವುದಕ್ಕಿಂತ ಅಳಿವೆಗಳ ರೈಲು. ಸಿಹಿನೀರು ಉಪ್ಪುನೀರು ದಿನಕ್ಕೆ ಎರಡೆರಡು ಸಲ ಜಗ್ಗಾಡುವ ಜಾಗಗಳ ಮೇಲೆ ಅದು ಹಾಯುತ್ತದೆ. ಅಲ್ಲಿ ನಿಲ್ದಾಣಗಳ ಹೆಸರೂ ಪ್ರಯಾಣಿಕನಿಗೆ ಸುಳಿವು ಕೊಡುತ್ತದೆ. 'ಗೋಕರ್ಣ ರೋಡ್' ಎಂದು ಬೋರ್ಡು ಇದ್ದರೆ, ಗೋಕರ್ಣ ಇಲ್ಲಿಲ್ಲ, ಇಲ್ಲಿಂದ ರಸ್ತೆ ಹಿಡಿದು ಹೋಗಬೇಕು ಎಂದರ್ಥ!

ಇನ್ನು ಗದ್ಯದ ಮಾತು. ಕಿಟಕಿ ಸೀಟಿನ ಗದ್ಯಕ್ಕೆ ಒಂದು ವ್ಯಾಕರಣವಿದೆ. ಅದರಲ್ಲಿ ಅಲೆ ಕುಣಿಯುತ್ತದೆ, ತೆಂಗು ಕೈಬೀಸಿ ಕರೆಯುತ್ತದೆ, ಬೆಟ್ಟ ಹಸಿರು ಸೀರೆ ಉಡುತ್ತದೆ, ಮೋಡ ಮುತ್ತಿಡುತ್ತದೆ. ಕ್ರಿಯಾಪದಗಳೆಲ್ಲ ಪ್ರಕೃತಿಯ ಪಾಲಿಗೆ. ಮನುಷ್ಯರಿಗೆ ಉಳಿಯುವುದು ಎರಡೇ: ನೋಡಿದೆವು, ಬೆರಗಾದೆವು. ಅದೂ ಪ್ರಯಾಣಿಕರಿಗೆ ಮಾತ್ರ. ಆ ನೆಲದಲ್ಲಿ ಬದುಕುವವರಿಗೆ ಒಂದು ಕ್ರಿಯಾಪದವೂ ಸಿಗುವುದಿಲ್ಲ. ತೆಂಗಿನ ಮರ ಕರೆಯುತ್ತದೆ, ಆದರೆ ಆ ಮರ ಹತ್ತಿ ಕಾಯಿ ಕೆಡಹುವವನು ವಾಕ್ಯದೊಳಗೆ ಬರುವುದಿಲ್ಲ. ಇದರ ಜತೆ ಇನ್ನೊಂದು ಚಮತ್ಕಾರ ನಡೆಯುತ್ತದೆ. ಲೇಖನದ ಮೊದಲ ಪ್ಯಾರಾದಲ್ಲಿ 'ನಾವು ಹದಿನೈದು ಜನ' ಹೊರಟಿರುತ್ತೇವೆ. ಎರಡನೇ ಪ್ಯಾರಾಕ್ಕೆ ಹದಿನಾಲ್ಕು ಜನ ಮಾಯ, ಕಿಟಕಿಯ ಪಕ್ಕ 'ನಾನು' ಒಬ್ಬನೇ. ಮಿಕ್ಕವರು ಮತ್ತೆ ಕಾಣುವುದು ಊಟದ ಡಬ್ಬಿ ಬಿಚ್ಚಿದಾಗ. ಹದಿನೈದು ಜೋಡಿ ಕಣ್ಣು ಒಯ್ದು ಒಂದೇ ಜೋಡಿಯಲ್ಲಿ ನೋಡಿ ಬರುವುದಕ್ಕೆ ಗುಂಪಾದರೂ ಯಾಕೆ ಬೇಕಿತ್ತು?

ಬೆರಗೇ ತಪ್ಪು ಎಂದು ನಾನು ವಾದಿಸುತ್ತಿಲ್ಲ. ಲಿಂಗಸುಗೂರಿನ ಕಡೆಯವರು ನೀರು ಕಂಡಾಗ ಬೆರಗಾಗದೆ ಇನ್ನೇನು ಮಾಡಿಯಾರು? ಬಯಲುಸೀಮೆಯವರ ಬೆರಗಿಗೆ ಕನ್ನಡದಲ್ಲಿ ಘನವಾದ ಪರಂಪರೆಯೇ ಇದೆ. ವಿ.ಕೃ. ಗೋಕಾಕರು ಸವಣೂರಿನವರು, ಕಡಲಿನಿಂದ ದೂರದ ಒಳನಾಡಿನವರು. 1936ರಲ್ಲಿ ಓದಲೆಂದು ಇಂಗ್ಲೆಂಡಿಗೆ ಹಡಗಿನಲ್ಲಿ ಹೋದರು. 1940ರಲ್ಲಿ 'ಸಮುದ್ರ ಗೀತೆಗಳು' ಬಂತು. ಆ ಸಂಕಲನವನ್ನು ಇವತ್ತು ಓದುವಾಗ ಅಲ್ಲಲ್ಲಿ ಮಾತು ದೊಡ್ಡದಾಯಿತು ಅನ್ನಿಸುವುದುಂಟು. ಆದರೆ ಒಂದು ಸಂಗತಿಯನ್ನು ಯಾರೂ ಅಲ್ಲಗಳೆಯಲಾರರು. ಕಡಲು ಅವರ ಛಂದಸ್ಸನ್ನು ಬದಲಿಸಿತು. ತಾನು ಕಲಿತು ಬಂದ ಲಯದಲ್ಲಿ ಈ ನೀರು ಹಿಡಿಸುವುದಿಲ್ಲ ಎಂಬ ಇಕ್ಕಟ್ಟು ಆ ಪದ್ಯಗಳಲ್ಲಿದೆ. ಕನ್ನಡದ ಮುಕ್ತಛಂದದ ಚರ್ಚೆ ಬಂದಾಗಲೆಲ್ಲ ಆ ಪುಸ್ತಕದ ಹೆಸರು ಬರುವುದು ಅದಕ್ಕಾಗಿ. ಬೆರಗನ್ನು ಅಳೆಯಲು ನನಗೆ ಕಾಣುವ ಒಂದೇ ಮಾಪು ಇದು: ಅದು ನಿಮ್ಮ ವಾಕ್ಯವನ್ನು ಬದಲಿಸಿತೋ ಇಲ್ಲವೋ? ಕಡಲು ನೋಡುವ ಮೊದಲೇ 'ಕಣ್ಣಿಗೆ ಹಬ್ಬ' ಎಂಬ ಮಾತು ಚೀಲದಲ್ಲಿತ್ತು, ನೋಡಿದ ಮೇಲೆ ಅದನ್ನೇ ತೆಗೆದು ಹಾಸಿದೆವು ಎಂದಾದರೆ, ಬೆರಗು ಆಗಿಲ್ಲ ಎಂದೇ ಲೆಕ್ಕ.

ಇನ್ನೊಂದು ಕಡೆ, ಆ ತೀರದಲ್ಲೇ ಹುಟ್ಟಿದವರ ಬರಹ ನೋಡಿ. ಅಲ್ಲಿ ಕಡಲು ಆಶ್ಚರ್ಯ ಆಗುವಷ್ಟು ಕಡಿಮೆ. ಯಶವಂತ ಚಿತ್ತಾಲರು ಗೋಕರ್ಣದ ಹತ್ತಿರದ ಹನೇಹಳ್ಳಿಯವರು, ಬದುಕಿದ್ದು ಮುಂಬಯಿಯಲ್ಲಿ, ಬರೆದದ್ದು ಬಹುಪಾಲು ಹನೇಹಳ್ಳಿಯನ್ನು. ಅವರ ಹನೇಹಳ್ಳಿ ನನ್ನ ನೆನಪಿನಲ್ಲಿ ಉಳಿದಿರುವುದು ಜಗುಲಿ, ಅಂಗಳ, ಬಾಗಿಲ ಸಂದಿಯಿಂದ ಕೇಳುವ ಪಿಸುಮಾತು, ಹೆಸರು ಕೊಡಲಾಗದ ಭಯ ಇವುಗಳ ರೂಪದಲ್ಲಿ. 'ಮೂರು ದಾರಿಗಳು' ಊರ ಬಾಯಿಗೆ ಬಿದ್ದ ಮನೆತನವೊಂದರ ಕತೆ. ಕಡಲು ಪಕ್ಕದಲ್ಲೇ ಇರಬಹುದು, ಆದರೆ ಊರಿನ ನಾಲಗೆಗಿಂತ ದೊಡ್ಡ ಅಲೆ ಆ ಕಾದಂಬರಿಯಲ್ಲಿಲ್ಲ. ಅಂಕೋಲೆಯ ವಿವೇಕ ಶಾನಭಾಗರ ಕಾದಂಬರಿಯೊಂದರ ಹೆಸರು 'ಒಂದು ಬದಿ ಕಡಲು'. ಆ ಹೆಸರಿನ ಮೊದಲೆರಡು ಪದಗಳನ್ನು ಗಮನಿಸಿ. ಕಡಲು ಒಂದು ಬದಿಗೆ. ಹಾಗಾದರೆ ಇನ್ನೊಂದು ಬದಿಗೆ ಏನಿದೆ ಎಂದು ಕೇಳದೆ ಪುಸ್ತಕ ತೆರೆಯಲು ಆಗುವುದಿಲ್ಲ. ಜಿಲ್ಲೆ ದಾಟಿ ತೆಂಕಣಕ್ಕೆ ಹೋದರೆ ಕಾರಂತರ 'ಮರಳಿ ಮಣ್ಣಿಗೆ'. ಹೊಳೆ ಕಡಲುಗಳ ನಡುವಿನ ಒಂದು ಮನೆಯ ಮೂರು ತಲೆಮಾರು. ಪಾರೋತಿ, ಸರಸೋತಿಯರಿಗೆ ನೀರು ನೋಡುವ ವಸ್ತುವಲ್ಲ. ಮಳೆಗಾಲದ ನೆರೆಯಲ್ಲಿ ತೇಲಿ ಬರುವ ಸೌದೆ ಹಿಡಿಯುವ ಜಾಗ ಅದು. ಆ ಕಾದಂಬರಿಯಲ್ಲಿ ಕ್ರಿಯಾಪದಗಳೆಲ್ಲ ಹೆಂಗಸರ ಕೈಯಲ್ಲಿವೆ, ಕಡಲಿಗೆ ಉಳಿದಿರುವುದು ಮೊರೆಯುವುದು ಮಾತ್ರ. ಕಿಟಕಿ ಸೀಟಿನ ಗದ್ಯವನ್ನು ತಲೆಕೆಳಗು ಮಾಡಿದರೆ ಸಿಗುವ ವ್ಯಾಕರಣ ಇದು.

ಅಲ್ಲಿಯವರು ಮಾತ್ರ ಹೀಗೆ ಬರೆಯಬಲ್ಲರು, ಹೊರಗಿನವರಿಗೆ ಕಿಟಕಿಯೇ ಗತಿ ಎಂದು ಯಾರಾದರೂ ಹೇಳಿದರೆ ನಾನು ಕಾರವಾರದ ಒಬ್ಬ ಅತಿಥಿಯನ್ನು ನೆನಪಿಸುತ್ತೇನೆ. 1883ರಲ್ಲಿ, ಇಪ್ಪತ್ತೆರಡರ ವಯಸ್ಸಿನಲ್ಲಿ, ರವೀಂದ್ರನಾಥ ಠಾಕೂರರು ಅಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ ಇದ್ದರು. ಕಾರವಾರದ ಬೀಚಿಗೆ ಅವರ ಹೆಸರಿದೆ, ಅದನ್ನು ಎಲ್ಲ ಪ್ರವಾಸ ಲೇಖನಗಳೂ ಹೇಳುತ್ತವೆ. ಅವು ಹೇಳದಿರುವುದು ಎರಡು. ಆತ್ಮಕಥನದಲ್ಲಿ ಠಾಕೂರರು ಬೆಳದಿಂಗಳಲ್ಲಿ ದೋಣಿ ಹತ್ತಿ ಕಾಳಿ ಹೊಳೆಯಲ್ಲಿ ಮೇಲಕ್ಕೆ ಹೋದದ್ದನ್ನು ಬರೆಯುವಾಗ, ದಡಕ್ಕಿಳಿದು ಕಂಡ ರೈತನ ಮನೆಯ ಚೊಕ್ಕಟವಾಗಿ ಗುಡಿಸಿದ ಅಂಗಳವನ್ನು ಮರೆಯದೆ ಬರೆಯುತ್ತಾರೆ. ಗುಡಿಸಿದ ಅಂಗಳ ಎಂದರೆ ಯಾರೋ ಗುಡಿಸಿದ್ದಾರೆ. ಇನ್ನೊಂದು, ಆ ಕಡಲ ದಂಡೆಯಲ್ಲಿ ಕೂತು ಅವರು ಬರೆದ ನಾಟಕ 'ಪ್ರಕೃತಿರ್ ಪ್ರತಿಶೋಧ್'. ಅದು ಕಡಲನ್ನು ಕುರಿತದ್ದಲ್ಲ. ಲೋಕ ಬಿಟ್ಟ ಸನ್ಯಾಸಿಯೊಬ್ಬನನ್ನು ಅನಾಥ ಹುಡುಗಿಯೊಬ್ಬಳು ಮತ್ತೆ ಮನುಷ್ಯರ ನಡುವೆ ಎಳೆದು ತರುವ ಕತೆ.

2024ರ ನವೆಂಬರಿನಲ್ಲಿ ನಾವು ಹನ್ನೊಂದು ಜನ, ಎಲ್ಲರೂ ರಾಯಚೂರು ಜಿಲ್ಲೆಯವರು, ಕೊಪ್ಪಳದಲ್ಲಿ ರೈಲು ಹತ್ತಿ ಹುಬ್ಬಳ್ಳಿ, ಲೋಂಡಾ, ಕ್ಯಾಸಲ್‌ರಾಕ್ ಘಟ್ಟ ಇಳಿದು ಮಡಗಾಂವಿಗೆ ಹೋದೆವು. ಅಲ್ಲಿಂದ ಮಂಗಳೂರಿನ ಪ್ಯಾಸೆಂಜರ್. ಹುಬ್ಬಳ್ಳಿಯಿಂದ ನೇರ ಅಂಕೋಲೆಗೆ ಹಳಿ ಹಾಕುವ ಮಾತು ದಶಕಗಳಿಂದ ಇದೆ, ಘಟ್ಟದ ಕಾಡಿನ ಪ್ರಶ್ನೆಯಲ್ಲಿ ಸಿಕ್ಕಿಕೊಂಡಿದೆ, ಹಾಗಾಗಿ ಗೋವಾ ಸುತ್ತುವುದು ತಪ್ಪಲಿಲ್ಲ. ನಮ್ಮ ಹತ್ತಿರ ಎರಡು ನೂರು ಪುಟದ ಒಂದು ನೋಟ್‌ಬುಕ್ ಇತ್ತು, ಕೈಯಿಂದ ಕೈಗೆ ದಾಟಿಸಿ ಎಲ್ಲರೂ ಬರೆಯಬೇಕೆಂದು ನಿಯಮ. ನಾನು ಇಲ್ಲಿ ವಿಮರ್ಶೆಗೆ ಎತ್ತಿಕೊಳ್ಳುವ ಕೊನೆಯ ಪಠ್ಯ ಆ ನೋಟ್‌ಬುಕ್ಕೇ.

ಕಾರವಾರದಿಂದ ಕುಮಟಾದವರೆಗಿನ ಪುಟಗಳಲ್ಲಿ 'ಹಸಿರು' ಎಂಬ ಪದ ಹತ್ತೊಂಬತ್ತು ಸಲ ಬಂದಿದೆ. 'ರಮಣೀಯ' ಏಳು ಸಲ. ಹಾರವಾಡ ನಿಲ್ದಾಣದ ಆಸುಪಾಸಿನಲ್ಲಿ ಒಬ್ಬರು 'ಮನುಷ್ಯನ ಕೈ ತಾಗದ ಕಾಡು ಕರಾವಳಿ' ಎಂದು ಬರೆದಿದ್ದಾರೆ. ಆ ಆಸುಪಾಸು ಸೀಬರ್ಡ್ ನೌಕಾನೆಲೆಗಾಗಿ ಹಳ್ಳಿಗೆ ಹಳ್ಳಿಯೇ ಎದ್ದುಹೋದ ಪ್ರದೇಶ. ಸಾವಿರಾರು ಕುಟುಂಬಗಳು ಮನೆ, ಗದ್ದೆ, ದೋಣಿ ಎಳೆಯುವ ದಂಡೆ ಬಿಟ್ಟು ಹೋದ ಮೇಲೆ ಉಳಿದ ಮೌನಕ್ಕೆ ಪ್ರವಾಸಿಗಳ ಭಾಷೆಯಲ್ಲಿ ಕಾಡು ಎಂಬ ಹೆಸರು ಬಿದ್ದಿದೆ. ಜನ ಇಲ್ಲದ ಜಾಗವೆಲ್ಲ ಕಾಡಲ್ಲ, ಕೆಲವು ಜಾಗಗಳಲ್ಲಿ ಜನ ಇದ್ದರು.

ಮಿರ್ಜಾನಿಗೂ ಕುಮಟಾಕ್ಕೂ ನಡುವೆ ನೋಟ್‌ಬುಕ್ ಬದಲಾಗುತ್ತದೆ. ಅಘನಾಶಿನಿಯ ಬಯಲಿನಲ್ಲಿ ನೀರು ನಿಂತ ಗದ್ದೆಗಳು, ಒಡ್ಡುಗಳು, ಅಲ್ಲಲ್ಲಿ ಹಣ್ಣಾದ ಪೈರು. ನಮ್ಮಲ್ಲಿ ಒಬ್ಬ ಸಿಂಧನೂರಿನ ಕ್ಯಾಂಪೊಂದರ ಪಕ್ಕದ ರೈತರ ಮಗ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಲ್ಲಿ ಭತ್ತ ಬೆಳೆದೂ ಬೆಳೆದೂ ಅವನ ಮನೆಯ ಎರಡು ಎಕರೆ ಸವಳು ಹತ್ತಿದೆ. ಮೇಲೆ ಬೆಳ್ಳಗೆ ಉಪ್ಪು ಕಟ್ಟುವ ಆ ನೆಲದ ವಿಷಯ ಬಿಟ್ಟು ಬೇರೆ ಮಾತು ಅವನ ಮನೆಯಲ್ಲಿ ನಡೆಯುವುದು ಕಷ್ಟ. ಅಂಕೋಲೆಯಲ್ಲಿ ಹತ್ತಿ ಎದುರು ಕೂತಿದ್ದ ಹೆಂಗಸು ಕಿಟಕಿಯತ್ತ ಕೈ ತೋರಿಸಿ ಅದು ಗಜನಿ ಗದ್ದೆ, ಉಬ್ಬರಕ್ಕೆ ಉಪ್ಪುನೀರು ಬರ್ತದೆ ಎಂದಾಗ ಅವನು ನೆಟ್ಟಗೆ ಕೂತ.

"ಅಕ್ಕಾರ, ಉಪ್ಪುನೀರಾಗ ನೆಲ್ಲು ಹ್ಯಾಂಗ ಬೆಳೀತದ? ನಮ್ಮ ಕಡಿ ಸವಳು ಹತ್ತಿದ್ರ ಹೊಲ ಸತ್ತಂಗ."

"ಇದು ಕಗ್ಗ ತಮಾ. ನೀರಲ್ಲಿ ಮುಳುಗಿದ್ರೂ ಸಾಯೂದಿಲ್ಲ, ಗೊಬ್ಬರನೂ ಬೇಡ. ಆದ್ರೆ ಈಗ ಹಾಕವರು ಎಲ್ಲಿ ಅದಾರೆ, ಎಲ್ಲ ಸಿಗಡಿ ಮಾಡ್ಕಂಡು ಹಾಳಾಯ್ತು."

ಕಗ್ಗ ಈ ಅಳಿವೆಯ ಜನ ತಲೆಮಾರುಗಳಿಂದ ಉಳಿಸಿಕೊಂಡು ಬಂದ ಭತ್ತ. ಮಳೆಗಾಲದಲ್ಲಿ ಹೊಳೆಯ ಸಿಹಿನೀರು ಹೆಚ್ಚಿ ಉಪ್ಪು ತಗ್ಗಿದಾಗ ಬಿತ್ತುತ್ತಾರೆ, ಎತ್ತರಕ್ಕೆ ಬೆಳೆಯುತ್ತದೆ, ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಬ್ಬರದ ನೀರು ಬಿಟ್ಟು ಮೀನು, ಸಿಗಡಿ ಹಿಡಿಯುತ್ತಾರೆ. ಒಡ್ಡು ಒಬ್ಬರದಲ್ಲ. ಒಂದು ಕಡೆ ಒಡೆದರೆ ಎಲ್ಲರ ಗದ್ದೆಗೂ ಉಪ್ಪು. ಹಾಗಾಗಿ ಊರೆಲ್ಲ ಸೇರಿ ಕಾಯಬೇಕು. ಗೋವಾದಲ್ಲಿ ಇಂಥದೇ ನೆಲಕ್ಕೆ ಖಾಜನ್ ಎನ್ನುತ್ತಾರೆ, ಕೊಂಕಣ ರೈಲು ಅದರ ಮೇಲೆ ಹಾಯಬಾರದೆಂದು 1990ರ ದಶಕದ ಮೊದಲ ವರ್ಷಗಳಲ್ಲಿ ಅಲ್ಲಿ ದೊಡ್ಡ ವಿರೋಧ ನಡೆದಿತ್ತು. ಪ್ರವಾಸ ಬರಹಗಳು 'ಕನ್ನಡಿಯಂಥ ಜಲರಾಶಿ' ಎಂದು ಕರೆಯುವ ನೀರಿನ ಅಡಿಯಲ್ಲಿ ಇಷ್ಟೆಲ್ಲ ಲೆಕ್ಕಾಚಾರ, ದುಡಿಮೆ, ಜಗಳ ಇದೆ. ಗೆಳೆಯ ನೋಟ್‌ಬುಕ್ಕಿನಲ್ಲಿ ಅರ್ಧ ಪುಟ ಬರೆದ. ಅದರಲ್ಲಿ ವಿಶೇಷಣವೇ ಇಲ್ಲ. ಯಾವ ತಿಂಗಳು ಬಿತ್ತನೆ, ಯಾವ ತಿಂಗಳು ಕೊಯ್ಲು, ಒಡ್ಡಿನ ಎತ್ತರ ಅಂದಾಜು ಎಷ್ಟು, ಅಕ್ಕಿ ಕೆಂಪೋ ಬಿಳಿಯೋ. ನಮ್ಮ ನೋಟ್‌ಬುಕ್ಕಿನ ಅತ್ಯುತ್ತಮ ಗದ್ಯ ಅದು ಎಂದು ಸಾಹಿತ್ಯದ ವಿದ್ಯಾರ್ಥಿಯಾಗಿ ನಾನು ಹೇಳುತ್ತೇನೆ. ಅವನು ಓದುತ್ತಿರುವುದು ವಾಣಿಜ್ಯಶಾಸ್ತ್ರ.

ಇನ್ನೊಬ್ಬ ಗೆಳತಿ ಸಿಂಧನೂರು ತಾಲೂಕಿನ ಬಂಗಾಳಿ ಕ್ಯಾಂಪಿನವಳು. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದ ಕುಟುಂಬಗಳಿಗೆ ಸರಕಾರ ನಮ್ಮ ಎರೆನೆಲದಲ್ಲಿ ಜಾಗ ಕೊಟ್ಟು ಅರ್ಧ ಶತಮಾನದ ಹತ್ತಿರ ಆಯಿತು. ಸೇತುವೆಯ ಮೇಲೆ ರೈಲು ನಿಧಾನವಾದಾಗ ಅವಳು ಫೋನಿನಲ್ಲಿ ಅಜ್ಜಿಗೆ ಹೊಳೆ ತೋರಿಸಿದಳು. ಅಜ್ಜಿ ಎಷ್ಟು ಚೆಂದ ಎನ್ನಲಿಲ್ಲ. ಜೋಯಾರೋ, ಭಾಟಾವೋ ಎಂದು ಕೇಳಿದರು. ಉಬ್ಬರವೋ ಇಳಿತವೋ? ನಮ್ಮ ಹನ್ನೊಂದು ಜನರಲ್ಲಿ ಉತ್ತರ ಯಾರ ಬಳಿಯೂ ಇರಲಿಲ್ಲ. ಎದುರಿನ ಹೆಂಗಸು ಕಂಬದ ಮೇಲಿನ ಒದ್ದೆ ಗೆರೆ ನೋಡಿ, ಇಳೀತಾ ಅದೆ, ಎಂದರು. ಕಡಲಿಲ್ಲದ ತಾಲೂಕಿನಲ್ಲಿ ಕೂತ ಮುದುಕಿಯೊಬ್ಬರು ಆ ಹೊಳೆಯನ್ನು ನಮ್ಮೆಲ್ಲರಿಗಿಂತ ಚೆನ್ನಾಗಿ ಓದಿದರು. ಗುಂಪಿನ ಪ್ರಯಾಣಕ್ಕೆ ಅರ್ಥ ಇರುವುದು ಇಲ್ಲಿ. ಪ್ರತಿಯೊಬ್ಬರೂ ತಮ್ಮ ಊರಿನ ಒಂದು ಪ್ರಶ್ನೆಯನ್ನು ಕಟ್ಟಿಕೊಂಡು ಬಂದಿರುತ್ತಾರೆ, 'ನಾನು' ಎಂದು ಬರೆಯಲು ಕೂತಾಗ ಆ ಗಂಟುಗಳನ್ನು ಬಿಚ್ಚದೆಯೇ ಬಿಡುತ್ತೇವೆ.

ಅದೇ ಹಳಿಯ ಮೇಲೆ ಓಡುವ ಒಂದು ರೈಲಿನ ಹೆಸರು ಮತ್ಸ್ಯಗಂಧ. ಸತ್ಯವತಿ ದೋಣಿ ನಡೆಸುವ ಹುಡುಗಿ, ಹೊಳೆ ದಾಟಿಸುವುದು ಅವಳ ಕೆಲಸ. ತಾರಿ ದೋಣಿಗಳಲ್ಲಿ ಹೊಳೆ ದಾಟಿ ದಾಟಿ ಸಾಗಬೇಕಿದ್ದ ತೀರದ ಮೇಲೆ ಸೇತುವೆ ಕಟ್ಟಿ, ಓಡುವ ರೈಲಿಗೆ ದೋಣಿಯವಳ ಹೆಸರಿಟ್ಟ ಪುಣ್ಯಾತ್ಮ ಯಾರೋ, ನಮ್ಮ ಎಷ್ಟೋ ಪ್ರವಾಸ ಲೇಖಕರಿಗಿಂತ ಅವನಿಗೆ ಆ ಜಾಗ ಹೆಚ್ಚು ಗೊತ್ತಿತ್ತು.

ರಮಣೀಯ ಎಂಬ ಪದದ ಇನ್ನೊಂದು ತೊಂದರೆ ಹೇಳಲೇಬೇಕು. 2003ರ ಜೂನಿನಲ್ಲಿ ಕಾರವಾರದಿಂದ ಮುಂಬಯಿಗೆ ಹೊರಟಿದ್ದ ರೈಲು ಮಹಾರಾಷ್ಟ್ರದ ವೈಭವವಾಡಿಯ ಬಳಿ ಹಳಿಯ ಮೇಲೆ ಕುಸಿದ ಬಂಡೆಗಳಿಗೆ ಬಡಿದು ಐವತ್ತಕ್ಕೂ ಹೆಚ್ಚು ಜನ ಸತ್ತರು. ಮಳೆಗಾಲದಲ್ಲಿ ಈ ಹಳಿಗೆ ಬೇರೆಯೇ ವೇಳಾಪಟ್ಟಿ, ಕಡಿಮೆ ವೇಗ. ರಾತ್ರಿ ಮಳೆಯಲ್ಲಿ ಕಾವಲುಗಾರರು ಹಳಿಯ ಉದ್ದಕ್ಕೂ ನಡೆದು ಗುಡ್ಡ ನೋಡುತ್ತಾರೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು, ರಸ್ತೆ ಬದಿಯ ಚಹಾದಂಗಡಿ ಸಮೇತ ಜನ ಗಂಗಾವಳಿಯ ಪಾಲಾದರು. ನಾವು ಹೋದದ್ದು ಅದಾದ ನಾಲ್ಕು ತಿಂಗಳಿಗೆ. ಗಂಗಾವಳಿ ದಾಟಿದ ಪುಟದಲ್ಲಿ ನೋಟ್‌ಬುಕ್ 'ಹಸಿರು ಬೆಟ್ಟಗಳ ಸಾಲು' ಎನ್ನುತ್ತದೆ. ಗುಡ್ಡವನ್ನು ಬರೀ ಚಿತ್ರವಾಗಿ ನೋಡುವ ಕಣ್ಣಿಗೆ, ಅದರ ಬುಡ ಯಾರು ಎಷ್ಟು ಕಡಿದರು ಎಂಬ ಪ್ರಶ್ನೆ ಏಳುವುದೇ ಇಲ್ಲ.

ಇದೆಲ್ಲ ಕರಾವಳಿಯ ಮೇಲಿನ ಪ್ರೀತಿಯಿಂದ ಮಾತ್ರ ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ, ನನ್ನ ಸ್ವಾರ್ಥವೂ ಇದೆ. ಸಿಂಧನೂರಿಗೆ 2024ರಲ್ಲಿ ರೈಲು ಬಂತು, ಕುಷ್ಟಗಿಗೆ 2025ರಲ್ಲಿ. ಗದಗ–ವಾಡಿ ಹಳಿ ಮುಂದುವರಿದರೆ ಲಿಂಗಸುಗೂರಿಗೂ ಬರುತ್ತದೆ. ಆಗ ನಮ್ಮ ನೆಲವೂ ಯಾರದೋ ಕಿಟಕಿಯೊಳಗಿನ ಚಿತ್ರವಾಗುತ್ತದೆ. ಅದಕ್ಕೆ ಬೇಕಾದ ಪದಗಳೂ ತಯಾರಾಗಿವೆ: ಬರಡು, ಬೆಂಗಾಡು, ಬಿಸಿಲ ನಾಡು. ಕರಾವಳಿಗೆ 'ಕಾಡು' ಎಂದ ಬಾಯಿಯೇ ನಮಗೆ 'ಬರಡು' ಎನ್ನುತ್ತದೆ. ಎರಡೂ ಒಂದೇ ಕೆಲಸ ಮಾಡುತ್ತವೆ, ಅಲ್ಲಿ ಇರುವವರನ್ನು ಅಳಿಸುತ್ತವೆ. ಅಶೋಕನ ಹೆಸರು ಕೊರೆದ ಶಾಸನ 1915ರಲ್ಲಿ ಸಿಕ್ಕ ಮಸ್ಕಿಯ ಬಂಡೆ, ಹಟ್ಟಿಯಲ್ಲಿ ಚಿನ್ನ ತೆಗೆದು ಸುರಿದ ಮಣ್ಣಿನ ದಿಬ್ಬ, ಒಂದು ಕಾಲದಲ್ಲಿ ಛಾವಣಿಯಾಗಿದ್ದ ನಮ್ಮೂರು, ತೊಗರಿ ಸಜ್ಜೆ ಹತ್ತಿಯ ಹೊಲ, ಎಲ್ಲಕ್ಕೂ ಒಂದೇ ಕಂದು ಬಣ್ಣ ಬಳಿಯಲಾಗುತ್ತದೆ. ನಮ್ಮ ಭಾಗದ ಅಮರೇಶ ನುಗಡೋಣಿಯವರ 'ಸವಾರಿ' ಓದಿದವರಿಗೆ ಈ ಬಯಲಿನೊಳಗೆ ಎಷ್ಟು ಕನಸು, ಎಷ್ಟು ಹಸಿವು ಓಡಾಡುತ್ತಿವೆ ಎಂದು ಗೊತ್ತು. ಕಿಟಕಿಯಿಂದ ಅದು ಕಾಣುವುದಿಲ್ಲ.

ಎದುರು ಕೂತಿದ್ದ ಹೆಂಗಸು ಕುಮಟಾದಲ್ಲಿ ಇಳಿಯುವ ಮೊದಲು ನಮ್ಮ ಡಬ್ಬಿಯ ಸಜ್ಜಿ ರೊಟ್ಟಿ, ಗುರೆಳ್ಳು ಚಟ್ನಿ ತಿಂದರು. ನಿಮ್ಮೂರು ಎಲ್ಲಿ ಎಂದು ಕೇಳಿದರು. ಲಿಂಗಸುಗೂರು ಎಂದೆವು. ಗೊತ್ತಾಗಲಿಲ್ಲ. ರಾಯಚೂರು ಎಂದಾಗ ತಲೆಯಾಡಿಸಿದರು. ಬಿಸಿಲಂತೆ ಅಲ್ಲಿ ಎನ್ನುತ್ತಾರೆ ಎಂದು ಕಾದೆವು, ಎಲ್ಲರೂ ಅನ್ನುವುದು ಅದನ್ನೇ. ಅವರು ರೊಟ್ಟಿಯ ತುಂಡು ಕೈಯಲ್ಲಿ ಹಿಡಿದು ಕೇಳಿದ್ದು ಬೇರೆ: "ಮತ್ತೆ ಬೇಸಗೇಲಿ ಕುಡಿಯೋ ನೀರು ಎಲ್ಲಿಂದ ತರ್ತ್ರಿ?"

ರೈಲು ನಿಂತಿತ್ತು. ಸಿಂಧನೂರಿನವನು ಅವರ ಬುಟ್ಟಿ ಕೆಳಗಿಳಿಸಿ ಕೊಡುತ್ತಾ, ಕಾಲುವೆಯಲ್ಲಿ ಯಾವ ತಿಂಗಳಿಗೆ ನೀರು ನಿಲ್ಲುತ್ತದೆ ಎನ್ನುವುದರಿಂದ ಶುರು ಮಾಡಿದ.